ಮೀನುಮರಿಯ ಲೆಕ್ಕಕ್ಕಿಂತ ಮೂಲ ದೊಡ್ಡದು



ಕುರಿಮಂದೆಗೆ ಆಗಾಗ ಹೊಸ ಟಗರು ತರಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಕೆರೆ, ಹೊಂಡಗಳಿಗೆ ಕಾಟ್ಲಾ, ರೋಹು, ಮೃಗಾಲ್ ಮರಿ ತರುವಾಗ ಸಾವಿರಕ್ಕೆ ಎಷ್ಟೆಂದು ಕೇಳುವಷ್ಟು ಆಸಕ್ತಿಯಿಂದ ತಾಯಿ ಮೀನು ಎಲ್ಲಿಯದೆಂದು ಕೇಳುವುದಿಲ್ಲ. ಇದು ಸರಿಯಲ್ಲ.

ಕೆಲವೇ ಮೀನುಗಳ ಸಂತತಿಯನ್ನು ತಮ್ಮತಮ್ಮಲ್ಲೇ ಮತ್ತೆ ಮತ್ತೆ ಕೂಡಿಸಿದರೆ ಬೆಳವಣಿಗೆ ಕುಂಠಿತವಾಗುತ್ತದೆ. ಮರಿಗಳು ಹೆಚ್ಚಾಗಿ ಸಾಯುತ್ತವೆ. ಏಕನಾಥ್ ಮತ್ತು ಡಾಯ್ಲ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಕರ್ನಾಟಕದ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಈ ಒಳಸಂತಾನದ ಪ್ರಮಾಣ ಪ್ರತಿ ಪೀಳಿಗೆಗೆ ಶೇ. 2ರಿಂದ 17ರವರೆಗೆ ಇತ್ತು.

ಕೊಳ್ಳುವ ಮುನ್ನ ನೂರು ಮರಿಗಳನ್ನು ಬಿಳಿ ಬೇಸಿನ್ನಿಗೆ ಬಿಟ್ಟು ನೋಡಿರಿ. ಡೊಂಕು ಬೆನ್ನು, ಗಿಡ್ಡ ಕಿವಿರು ಮುಚ್ಚಳ, ಸೊಟ್ಟ ದವಡೆ, ಮೊಟಕು ರೆಕ್ಕೆ ಹಲವು ಮರಿಗಳಲ್ಲಿ ಕಂಡರೆ ಆ ತಂಡ ಬೇಡ. ಆಹಾರದ ಕೊರತೆ, ಕೀಟನಾಶಕಗಳಿಂದಲೂ ಅಂಗದೋಷ ಬರುವುದುಂಟು. ಒಂದೆರಡು ಕಂಡ ಮಾತ್ರಕ್ಕೆ ತಳಿಯನ್ನು ದೂರಬೇಡಿ. ಹಾಗೆಯೇ, ನೋಡಲು ಚೆನ್ನಾಗಿರುವ ಮರಿಯೂ ಬೆಳೆಯದೆ ನಿಲ್ಲಬಹುದು. ಆದ್ದರಿಂದ ಕಣ್ಣಿನ ಪರೀಕ್ಷೆಯೊಂದೇ ಸಾಲದು.

ತಾಯಿ ಮೀನು ಎಲ್ಲಿಂದ ತಂದದ್ದು, ಬದಲಿಸಿ ಎಷ್ಟು ವರ್ಷವಾಯಿತು ಎಂದು ಕೇಳಿರಿ. ಊರಿನವರೆಲ್ಲ ಒಟ್ಟಾಗಿ ಕೇಳಿದರೆ ಮಾರುವವರೂ ಹೊಸ ತಳಿ ತರಲೇಬೇಕಾಗುತ್ತದೆ.