ಲಕ್ವ ಹೊಡೆದ ಮೇಲೆ ಅಪ್ಪ ಹಟಮಾರಿ ಆದರೇ?

‘ಸ್ಟ್ರೋಕ್ ಆದವರ ಹತ್ತೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ಬರಿಸಿ, ಜೀವ ಉಳಿಯುತ್ತದೆ’ ಎಂಬ ಫಾರ್ವರ್ಡ್ ವರ್ಷಗಳಿಂದ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಇದು ಸುಳ್ಳು. ಸ್ಟ್ರೋಕ್ ಎಂದರೆ ಮೆದುಳಿನ ರಕ್ತನಾಳ ಕಟ್ಟಿಕೊಂಡಿರುತ್ತದೆ, ಇಲ್ಲವೇ ಒಡೆದಿರುತ್ತದೆ. ಬೆರಳಿನಿಂದ ನಾಲ್ಕು ಹನಿ ತೆಗೆದರೆ ಅಲ್ಲೇನೂ ಬದಲಾಗದು, ಸಮಯ ಮಾತ್ರ ಹೋಗುತ್ತದೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಸೂಜಿ ಹುಡುಕಬೇಡಿ. 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ.

ನಾವು ಇಲ್ಲಿ ಹೇಳಹೊರಟಿದ್ದು ಆಮೇಲಿನ ಕಥೆ. ಜೀವ ಉಳಿದು ಮನೆಗೆ ಬಂದವರ ಬಗ್ಗೆ ‘ಮೊದಲಿನ ಹಾಗಿಲ್ಲ, ಬೇಕಂತಲೇ ಹೀಗೆ ಮಾಡ್ತಾರೆ’ ಎಂಬ ದೂರು ಬಹಳ ಮನೆಗಳಲ್ಲಿ ಇರುತ್ತದೆ.

ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆ ಎಂಬುದೇ ಇಲ್ಲವಾಗುತ್ತದೆ. ಕಣ್ಣು ಸರಿಯಾಗಿದ್ದರೂ ಮೆದುಳು ಆ ಕಡೆ ಗಮನ ಕೊಡುವುದಿಲ್ಲ. ತಟ್ಟೆಯ ಬಲ ಅರ್ಧ ಖಾಲಿ ಮಾಡಿ ‘ಇನ್ನಷ್ಟು ಬಡಿಸು’ ಎನ್ನುತ್ತಾರೆ, ಎಡ ಅರ್ಧ ಹಾಗೇ ಉಳಿದಿರುತ್ತದೆ. ತಟ್ಟೆ ತಿರುಗಿಸಿ ಇಟ್ಟರೆ ಅದನ್ನೂ ಉಣ್ಣುತ್ತಾರೆ. ಇನ್ನು ಕೆಲವರು ಎಡಗೈ, ಎಡಗಾಲು ಬಿದ್ದುಹೋಗಿದ್ದರೂ ‘ನನಗೇನಾಗಿದೆ?’ ಎಂದು ಎದ್ದು ನಡೆಯಲು ಹೋಗಿ ಬೀಳುತ್ತಾರೆ. ನೋಡುವವರಿಗೆ ಇದು ಹಟ. ನಿಜವೆಂದರೆ, ಕಾಲು ಸೋತಿದೆ ಎಂದು ಅವರಿಗೆ ತಿಳಿಸಬೇಕಾದ ಮೆದುಳಿನ ಭಾಗವೇ ಸೋತಿದೆ.

ಎಡಭಾಗಕ್ಕೆ ಪೆಟ್ಟಾದರೆ ಹೆಚ್ಚಾಗಿ ಮಾತು ಹೋಗುತ್ತದೆ. ನೀರು ಬೇಕಿದ್ದಾಗ ಬಾಯಲ್ಲಿ ‘ಚಾವಿ’ ಎಂದು ಬರಬಹುದು. ಬುದ್ಧಿಯೇ ಕೆಟ್ಟಿದೆ ಎಂದುಕೊಂಡು ಅವರ ಎದುರೇ ಆಸ್ತಿ ಪಾಲಿನ ಮಾತಾಡುವವರಿದ್ದಾರೆ. ಎಷ್ಟೋ ಸಲ ಅವರಿಗೆ ಎಲ್ಲವೂ ಅರ್ಥವಾಗುತ್ತಿರುತ್ತದೆ. ಒಂದು ವಾಕ್ಯ ಆಡಲಾಗದವರು ಹಳೆಯ ಭಜನೆ ಹಾಡುವುದೂ, ಸಿಟ್ಟು ಬಂದಾಗ ಸಲೀಸಾಗಿ ಬೈಯುವುದೂ ಉಂಟು. ಬಾಯಿಪಾಠವಾದ ಪದಗಳು ಹೊರಬರುವ ದಾರಿ ಸ್ವಲ್ಪ ಬೇರೆ. ‘ಎಲ್ಲಾ ನಾಟಕ’ ಎಂದು ಮನೆಯವರು ತಪ್ಪು ತಿಳಿಯುವುದು ಇಲ್ಲೇ.

ಕಾರಣವಿಲ್ಲದೆ ಅಳುವುದು, ಸಾವಿನ ಮನೆಯಲ್ಲಿ ನಗುವುದು ಕೂಡ ಮೆದುಳಿನ ಹಿಡಿತ ತಪ್ಪಿದ್ದರ ಫಲ. ಒಳಗೆ ಅಷ್ಟು ದುಃಖವೋ ಸಂತೋಷವೋ ಇರಬೇಕೆಂದಿಲ್ಲ. ಖಿನ್ನತೆ ಬೇರೆಯದೇ ತೊಂದರೆ. ಸ್ಟ್ರೋಕ್ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಎರಡಕ್ಕೂ ಚಿಕಿತ್ಸೆ ಇದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಬಿಪಿ ಮಾತ್ರೆಯ ಜೊತೆ ಈ ವಿಷಯವನ್ನೂ ಡಾಕ್ಟರಿಗೆ ಹೇಳಿ. ಅವರಾಗಿ ಕೇಳದೆಯೂ ಇರಬಹುದು.