ಗಿಟಾರಿಗೆ ಬೈಯೋದು ಬಿಡಿ, ಸೋಬಾನೆ ಪದ ಬರ್ಕೊಳ್ಳಿ

ರಘು ದೀಕ್ಷಿತ್ ಬ್ಯಾಂಡಿನ ಹಾಡು ಹಾಕಿದ್ರೆ ಸಾಕು, "ಗಿಟಾರ್ ಹಾಕಿ ಜಾನಪದ ಕೆಡಿಸ್ಬಿಟ್ರು" ಅಂತ ಮೂಗು ಮುರಿಯೋರು ನಮ್ಮ ತಣಿಸಂದ್ರದಲ್ಲೂ ಇದ್ದಾರೆ. ನನಗಂತೂ ಈ ಮಾತು ಒಪ್ಪಿಗೆ ಇಲ್ಲ ಕಣ್ರಮ್ಮ.

ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರ್ಕೊಂಡೋರು. ಅವರ ಪದಗಳು ಆ ಕಡೆಯ ಭಜನೆ ಮೇಳಗಳಲ್ಲಿ ಬಾಯಿಂದ ಬಾಯಿಗೆ ಉಳಿದಿದ್ವು. ನಮ್ಮ ಮನೆಗಳಿಗೆ ಬಂದದ್ದು ಸಿ. ಅಶ್ವಥ್ ಹಾಡಿದ ಕ್ಯಾಸೆಟ್‌ನಿಂದ, ಆಮೇಲೆ 1990ರಲ್ಲಿ ನಾಗಾಭರಣರ ಸಿನಿಮಾದಿಂದ. ಅಶ್ವಥ್ ಕೂಡ ವಾದ್ಯಮೇಳ ಕಟ್ಕೊಂಡೇ ಹಾಡಿದ್ದು. ಅದಕ್ಕೆ ನಾವೆಲ್ಲ ಕಣ್ಮುಚ್ಚಿ ತಲೆದೂಗಿದ್ವಿ, ಅಲ್ವಾ? ಈಗಿನ ಮಕ್ಕಳಿಗೆ ಅದೇ ಪದ ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಕುಣಿಯೋರ ಬಾಯಲ್ಲಿ ಬಂದ್ರೆ ಏನು ತಪ್ಪು? ಮೈಸೂರಿನ ಹುಡುಗರು 'ಅಂತರಾಗ್ನಿ' ಅಂತ ಶುರು ಮಾಡಿ, 2008ರಲ್ಲಿ ಮೊದಲ ಆಲ್ಬಮ್ ತಂದ್ರು. 2010ರಲ್ಲಿ ಬಿಬಿಸಿ ಟಿವಿಯಲ್ಲೂ ಹಾಡಿದ್ರು. ಮಾಲ್‌ನಲ್ಲಿ ಬೆಳೆದಿರೋ ನಮ್ಮ ಮಕ್ಕಳು ಕೋಳಿ ಕೋಡಗನ್ನ ನುಂಗೋದು ಹೆಂಗೆ ಅಂತ ಕೇಳ್ತಾವೆ. ಕೇಳಿದ್ದೇ ದೊಡ್ಡದು.

ಐರ್ಲೆಂಡಿನಲ್ಲೂ ಹಿಂಗೇ ಆಗಿದೆ. ಡಬ್ಲಿನ್‌ನ 'ಚೀಫ್ಟನ್ಸ್' ಅನ್ನೋ ತಂಡ 1962ರಲ್ಲಿ ಶುರುವಾಗಿ, ಹಳ್ಳಿ ಪಿಟೀಲು, ಕೊಳಲಿನ ಮಟ್ಟುಗಳನ್ನ ಸುಮಾರು ಅರವತ್ತು ವರ್ಷ ಊರೂರಿಗೆ ಹೊತ್ಕೊಂಡು ತಿರುಗ್ತು. ಅವರಿಗೂ ವೇದಿಕೆ, ಮೈಕು, ಟಿಕೆಟ್ಟು ಎಲ್ಲಾ ಬೇಕಾಗಿತ್ತು.

ನನ್ನ ತಕರಾರು ಬೇರೆ. ಈ ಬ್ಯಾಂಡುಗಳು ಎತ್ಕೊಂಡಿರೋದು ಹೆಚ್ಚಾಗಿ ಗಂಡಸರು ಹಾಡ್ತಿದ್ದ ಪದ. ತತ್ವಪದ, ಮಾದಪ್ಪನ ಧಾಟಿ. ಹೆಂಗಸರ ಪದ ಎಲ್ಲಿ? ರಾಗಿ ಬೀಸೋ ಪದ, ಅರಿಶಿನ ಕುಟ್ಟೋ ಪದ, ಹಸೆಗೆ ಕರೆಯೋ ಸೋಬಾನೆ? ಅವು ಕೆಲಸದ ಜೊತೆಗೇ ಹುಟ್ಟಿದ್ದು. ಕಲ್ಲು ತಿರುಗೋ ಲೆಕ್ಕಕ್ಕೆ ಸಾಲು, ಎಳೆಯೋ ಕೈಗೆ ತಕ್ಕ ಉಸಿರು. ಫ್ಲೋರ್ ಮಿಲ್ ಬಂತು, ಮಿಕ್ಸಿ ಬಂತು, ಪದ ಹೋಯ್ತು. (ಮಿಕ್ಸಿ ಬೇಡ ಅಂತ ನಾನು ಹೇಳ್ತಿಲ್ಲ, ಮತ್ತೆ ಕಲ್ಲು ಬೀಸೋಕೆ ನನ್ನ ಕೈಲಾಗಲ್ಲ!) ಛತ್ರದ ಮದುವೆಯಲ್ಲಂತೂ ಹಸೆಮಣೆ ಹತ್ರ ಫೋಟೋದವರೇ ನಿಂತಿರ್ತಾರೆ, ಸೋಬಾನೆ ಹೇಳೋಕೆ ಜಾಗ ಎಲ್ಲಿದೆ?

ಉತ್ತರ ಕರ್ನಾಟಕದ ಹಲಸಂಗಿ ಗೆಳೆಯರು 1931ರಲ್ಲೇ 'ಗರತಿಯ ಹಾಡು' ಅಂತ ಪುಸ್ತಕ ಮಾಡಿದ್ರು. ಅವತ್ತು ಅವರು ಬರ್ಕೊಳ್ದೆ ಹೋಗಿದ್ರೆ ಆ ತ್ರಿಪದಿಗಳು ಅಜ್ಜಿಯರ ಜೊತೆಗೇ ಮಣ್ಣಾಗ್ತಿದ್ವು. ಅಂಕೋಲಾದ ಸುಕ್ರಿ ಬೊಮ್ಮಗೌಡ ಅಜ್ಜಿ ಓದು ಬರಹ ಇಲ್ದೆ ಹಾಲಕ್ಕಿಯವರ ಸಾವಿರಾರು ಪದ ನೆನಪಿನಲ್ಲೇ ಇಟ್ಕೊಂಡಿದ್ರು. 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ಅವರೂ ಹೋದ್ರು. ಅವರ ಹೆಸರಾದ್ರೂ ಪೇಪರಲ್ಲಿ ಬಂತು. ನಮ್ಮ ಅತ್ತೆಯಂಥೋರದ್ದು?

ಈ ಸಲ ರಾಜ್ಯೋತ್ಸವಕ್ಕೆ ನಮ್ಮ ಅಪಾರ್ಟ್‌ಮೆಂಟಿನವರು ಬ್ಯಾಂಡ್ ಕರೆಸ್ತಾರಂತೆ. ಕರೆಸ್ಲಿ, ನಾನೂ ಚಂದಾ ಕೊಡ್ತೀನಿ. ಆದ್ರೆ ಬ್ಯಾಂಡಿಗೆ ಮುಂಚೆ ಅರ್ಧ ಗಂಟೆ ಅಜ್ಜಿಯರಿಗೆ ಬಿಡ್ಬೇಕು. ಕಮಿಟಿಯ ಗಂಡಸರು "ಜನ ಕೂರಲ್ಲ ಮೇಡಂ" ಅಂತಿದ್ದಾರೆ. ಕೂರದೆ ಏನು, ಮೊಮ್ಮಕ್ಕಳೇ ಮುಂದಿನ ಸಾಲಲ್ಲಿ ಇರ್ತಾವೆ. ಇನ್ನೊಂದು ಮಾತು, ಅವರನ್ನ ಸ್ಪರ್ಧೆಗೆ ನಿಲ್ಲಿಸಿದ ಹಾಗೆ ಒಬ್ಬೊಬ್ಬರನ್ನೇ ಮೈಕ್ ಮುಂದೆ ನಿಲ್ಲಿಸ್ಬೇಡಿ. ಸೋಬಾನೆ ಒಬ್ಬರೇ ಹಾಡೋದಲ್ಲ. ಒಬ್ಬರು ಎತ್ಕೊಟ್ರೆ ಉಳಿದವರು ಸೊಲ್ಲು ಹಿಡೀತಾರೆ. ಚಾಪೆ ಹಾಸಿ ಗುಂಪಾಗಿ ಕೂರಿಸಿ.

ನವೆಂಬರ್‌ವರೆಗೂ ಕಾಯೋದು ಬೇಡ. ನಮ್ಮ ಬ್ಲಾಕಿನಲ್ಲಿ ಪದ ಬರೋರು ಮೂರೇ ಜನ, ಅದರಲ್ಲಿ ಇಬ್ಬರಿಗೆ ಎಂಬತ್ತು ದಾಟಿದೆ. ಶನಿವಾರ ಮಧ್ಯಾಹ್ನ ಊಟ ಆದ್ಮೇಲೆ ನಮ್ಮ ಮನೆಗೇ ಕರ್ಕೊಂಡು ಬನ್ನಿ. ಫೋನ್ ಚಾರ್ಜ್ ಮಾಡ್ಕೊಂಡು ಬನ್ನಿ, ಜೊತೆಗೊಂದು ನೋಟ್‌ಬುಕ್ಕೂ ಇರ್ಲಿ. ಎಲೆ ಅಡಿಕೆ, ಕಾಫಿ ನನ್ನದು.