ಪೆಟ್ಟಿಗೆಯ ತಳದ ಅಂಕಪಟ್ಟಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಬೆಂಗಳೂರಿಗೆ ಬರುವ ಹುಡುಗ ಹುಡುಗಿಯರಲ್ಲಿ ಎರಡು ಬಗೆ. ಕಾಲೇಜಿನಲ್ಲಿ ಸೀಟು ಸಿಕ್ಕಿ ಬರುವವರು ಒಂದು ಬಗೆ. ಓದು ಅರ್ಧಕ್ಕೆ ನಿಂತು, ಗಾರ್ಮೆಂಟ್ಸಿಗೋ ಹೋಟೆಲಿಗೋ ಅಂಗಡಿಗೋ ಕೆಲಸಕ್ಕೆಂದು ಬರುವವರು ಇನ್ನೊಂದು ಬಗೆ. ಮೊದಲಿನವರಿಗೆ ಬುದ್ಧಿ ಹೇಳಲು ಬೇಕಾದಷ್ಟು ಮಂದಿ ಇದ್ದಾರೆ. ಎರಡನೆಯವರನ್ನು ಕೇಳುವವರು ಕಡಿಮೆ. ಅವರ ಪೆಟ್ಟಿಗೆಯ ತಳದಲ್ಲೂ ಒಂದು ಅಂಕಪಟ್ಟಿ ಪ್ಲಾಸ್ಟಿಕ್ ಕವರಿನೊಳಗೆ ಮಡಚಿ ಕೂತಿರುತ್ತದೆ. ಬಟ್ಟೆ ತೆಗೆಯುವಾಗ ಅದು ಕಣ್ಣಿಗೆ ಬಿದ್ದರೆ, ‘ಮತ್ತೆ ಓದಿದ್ದರೆ ಹೇಗೆ?’ ಎಂಬ ಆಸೆ ಒಂದು ಗಳಿಗೆ ಬಂದು ಹೋಗುತ್ತದೆ. ಈ ವಾರದ ಮಾತು ಆ ಆಸೆ ಇರುವವರಿಗೆ ಮತ್ತು ಊರಿನಲ್ಲಿರುವ ಅವರ ತಂದೆತಾಯಿಗಳಿಗೆ.

ಓದು ನಿಂತದ್ದಕ್ಕೆ ದಡ್ಡತನವೇ ಕಾರಣವೆಂದು ತಿಳಿಯಬೇಡಿ. ನಾಲೆಗೆ ನೀರು ಬಾರದ ವರ್ಷ, ಕಬ್ಬಿನ ಬಿಲ್ಲು ಕೈಸೇರದ ವರ್ಷ, ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದ ವರ್ಷ ಮೊದಲು ನಿಲ್ಲುವುದು ಮಕ್ಕಳ ಫೀಜು. ಗಣಿತ, ಇಂಗ್ಲಿಷ್ ಎರಡರಲ್ಲಿ ಹೋದವರು ನಾಚಿಕೆಯಿಂದ ಊರು ಬಿಡುವುದೂ ಉಂಟು. ಮದುವೆಯಾಗಿ ಬೆಂಗಳೂರಿಗೆ ಬಂದ ಹೆಣ್ಣುಮಕ್ಕಳ ಕತೆ ಇನ್ನೊಂದು. ಕಾರಣ ಏನೇ ಇರಲಿ, ಬಾಗಿಲು ಮುಚ್ಚಿಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದವರು ಫೇಲಾದ ವಿಷಯಗಳನ್ನು ಮಾತ್ರ ಮತ್ತೆ ಬರೆದರೆ ಸಾಕು. ಮೊದಲಿನ ಹಾಗೆ ಮಾರ್ಚಿ ತಪ್ಪಿದರೆ ವರ್ಷವೇ ಹೋಯಿತು ಎನ್ನುವಂತಿಲ್ಲ. ಶಾಲೆಗೆ ಹೋಗಿ ಕೂರಲು ಆಗದವರಿಗೆ 1989ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಈಗ ಜನ ಎನ್‌ಐಓಎಸ್ ಎನ್ನುವುದು ಇದನ್ನೇ. ಹತ್ತನೆಯ ತರಗತಿಗೆ 14 ವರ್ಷ ತುಂಬಿರಬೇಕು, ಹೆಚ್ಚಿನ ವಯಸ್ಸಿಗೆ ಮಿತಿಯಿಲ್ಲ. ಒಮ್ಮೆ ಹೆಸರು ನೋಂದಾಯಿಸಿದರೆ 5 ವರ್ಷದೊಳಗೆ ಒಂದೊಂದೇ ವಿಷಯ ಬರೆದು ಮುಗಿಸಬಹುದು. ಪಿಯುಸಿ ಮುಗಿದು ಡಿಗ್ರಿ ನಿಂತವರಿಗೆ ಸಂಜೆ ಕಾಲೇಜುಗಳಿವೆ. 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಇದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಆ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನೇ ಯುಜಿಸಿ 2015ರಲ್ಲಿ ಹಿಂತೆಗೆದುಕೊಂಡಿತ್ತು. ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಪೇಚಿಗೆ ಸಿಕ್ಕಿದವರು ಪಾಪದ ವಿದ್ಯಾರ್ಥಿಗಳು. ಸರ್ಕಾರಿ ವಿಶ್ವವಿದ್ಯಾಲಯದಲ್ಲೇ ಹೀಗಾಗುವುದಾದರೆ, ‘ಪರೀಕ್ಷೆಗೆ ಕೂರುವುದೇ ಬೇಡ, ದುಡ್ಡು ಕೊಡಿ, ಸರ್ಟಿಫಿಕೇಟು ಮನೆಗೆ ಬರುತ್ತದೆ’ ಎನ್ನುವ ಏಜೆಂಟನ ಮಾತನ್ನು ನಂಬುವುದು ಹೇಗೆ? ಹಣ ಕಟ್ಟುವ ಮೊದಲು ಆ ಕೋರ್ಸಿಗೆ ಆ ವರ್ಷ ಮಾನ್ಯತೆ ಇದೆಯೇ ಎಂದು ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿ ಪ್ರಕಟಿಸುತ್ತದೆ. ನಿಮ್ಮ ಊರಿನ ಮೇಷ್ಟರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಅಂಕಪಟ್ಟಿ ಕಳೆದುಹೋಗಿದ್ದರೆ ಮೊದಲು ಕಾಣಬೇಕಾದವರೂ ಓದಿದ ಶಾಲೆಯ ಹೆಡ್‌ಮಾಸ್ಟರೇ.

ಇನ್ನು ಊರಿಗೆ ಒಗ್ಗಿಕೊಳ್ಳುವ ವಿಚಾರ. ಬೆಂಗಳೂರಿಗೆ ಬಂದ ತಿಂಗಳಲ್ಲೇ ಕೆಲಸ, ಕೋಣೆ, ಕಾಲೇಜು ಮೂರನ್ನೂ ಒಟ್ಟಿಗೆ ತಲೆಯ ಮೇಲೆ ಹೊತ್ತುಕೊಂಡರೆ ಮೊದಲು ಕೆಳಗೆ ಬೀಳುವುದು ಓದು. ಮೊದಲ ತಿಂಗಳು ಕೆಲಸದ ಹೊತ್ತು, ಬಸ್ಸಿನ ಹೊತ್ತು, ಅಡಿಗೆಯ ಹೊತ್ತು ಇವು ಹದಕ್ಕೆ ಬರಲಿ. ಎರಡನೆಯ ತಿಂಗಳು ಕಾಗದಪತ್ರ ಜೋಡಿಸಿ: ಅಂಕಪಟ್ಟಿ, ಟಿಸಿ, ಆಧಾರ್, ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಕಾಲೇಜಿಗೇ ಸೇರುವವರಾದರೆ ಸರ್ಕಾರಿ ವಿದ್ಯಾರ್ಥಿನಿಲಯಕ್ಕೂ, ಅಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಯ ನೆರವು ಕೊಡುವ ವಿದ್ಯಾಸಿರಿ ಯೋಜನೆಗೂ ಈ ಕಾಗದಗಳೇ ಆಧಾರ. ಮದುವೆಯಾದ ಹೆಣ್ಣುಮಕ್ಕಳು ಅಂಕಪಟ್ಟಿಯ ಹೆಸರೇ ಅರ್ಜಿಯಲ್ಲೂ ಇರುವಂತೆ ನೋಡಿಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ. ಅರ್ಜಿ ಹಾಕುವುದು ಇದೆಲ್ಲ ಆದ ಮೇಲೆ. ಕೊನೆಯ ದಿನಾಂಕವನ್ನು ಮಾತ್ರ ಮೊದಲೇ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಕೋಣೆ ಹಿಡಿಯುವಾಗ ಬಾಡಿಗೆಯ ಜೊತೆಗೆ ದಾರಿಯನ್ನೂ ಲೆಕ್ಕ ಹಾಕಬೇಕು. ಬೆಂಗಳೂರಿನಲ್ಲಿ ಸಂಜೆಯನ್ನು ನುಂಗುವುದು ರಸ್ತೆ. ಮಂಡ್ಯ, ಮದ್ದೂರಿನವರು ರೈಲಿನಲ್ಲಿ ಬಂದು ಕೆಂಗೇರಿಯಲ್ಲಿ ಇಳಿಯಬಹುದು. ಅಲ್ಲಿಗೆ ಮೆಟ್ರೋ 2021ರ ಆಗಸ್ಟಿನಲ್ಲಿ ಬಂತು. ಮಳವಳ್ಳಿಗೆ ರೈಲಿಲ್ಲ. ಆದರೆ ಕನಕಪುರದ ಮೇಲೆ ಬರುವ ಬಸ್ಸು ಹಿಡಿದವರಿಗೆ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯ ಬಳಿ 2021ರ ಜನವರಿಯಿಂದ ಮೆಟ್ರೋ ಸಿಗುತ್ತದೆ. ಸಂಜೆ ತರಗತಿ ಕೆಲಸದಿಂದ ಕೋಣೆಗೆ ಹೋಗುವ ದಾರಿಯಲ್ಲೇ ಇರಲಿ. ಒಳ್ಳೆಯ ಕಾಲೇಜೆಂದು ಊರಿನ ಇನ್ನೊಂದು ತುದಿಗೆ ಸೇರಿದವರು ಮಳೆಗಾಲದ ಹೊತ್ತಿಗೆ ಬಿಟ್ಟುಬಿಡುತ್ತಾರೆ. ನಾಲ್ವರಿರುವ ಕೋಣೆಯಲ್ಲಿ ಓದಲಾಗದಿದ್ದರೆ ಬಡಾವಣೆಯ ಸಾರ್ವಜನಿಕ ಗ್ರಂಥಾಲಯ ಹುಡುಕಿ. ಭಾನುವಾರ ರಜೆಯಿದ್ದರೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೇಂದ್ರ ಗ್ರಂಥಾಲಯವನ್ನೂ ಒಮ್ಮೆ ನೋಡಿ ಬನ್ನಿ. ದಿನಕ್ಕೆ ಒಂದೇ ಗಂಟೆ ಓದಿದರೂ ವರ್ಷಕ್ಕೆ 365 ಗಂಟೆ. ಓಟಿ, ಹಬ್ಬ, ಜ್ವರ ಎಂದು ಅರ್ಧ ಹೋದರೂ ನಿಂತುಹೋದ ಎರಡು ವಿಷಯಕ್ಕೆ ಉಳಿದದ್ದು ಸಣ್ಣ ಹೊತ್ತೇನಲ್ಲ.

ತರಗತಿಯಲ್ಲಿ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ‘ಓಯ್ತೀನಿ’, ‘ಬತ್ತೀನಿ ಕಣಪ್ಪ’ ಎಂದರೆ ಯಾರೋ ಕಿಸಕ್ಕೆಂದು ನಗುತ್ತಾರೆ. ತನಗಿಂತ ಆರು ವರ್ಷ ಚಿಕ್ಕವರ ಪಕ್ಕದಲ್ಲಿ ಕೂರುವ ಸಂಕೋಚವೂ ಇದಕ್ಕೆ ಸೇರಿದರೆ ಮರುದಿನ ತರಗತಿಗೆ ಹೋಗಲು ಕಾಲು ಬಾರದು. ನಗುವವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ. ನಮ್ಮ ಜಿಲ್ಲೆಯ ನಾಗಮಂಗಲ ತಾಲ್ಲೂಕಿನವರಾದ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾಗಿದ್ದೂ ಹಳ್ಳಿಗರ ಮಾತು, ಹಾಡು, ಪಾತ್ರೆ, ಪರಡಿಗಳನ್ನು ಕೂಡಿಸಿ 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೇ ತೆರೆದರು. ನೀವು ಊರಿಗೆ ಹೋಗಿಬರುವ ಮೈಸೂರು ರಸ್ತೆಯಲ್ಲೇ ಅದು ಇದೆ. ಉತ್ತರಪತ್ರಿಕೆಗೆ ಬೇಕಾದ ಭಾಷೆಯನ್ನು ಕಲಿಯಲೇಬೇಕು. ಅದಕ್ಕಾಗಿ ಮನೆಯ ಮಾತಿಗೆ ನಾಚಬೇಕಾಗಿಲ್ಲ. ‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂಬ ಗಾದೆಯಂತೆ, ನಾಲ್ಕು ದಿನ ಕಳೆದರೆ ನಕ್ಕವರೇ ನೋಟ್ಸ್ ಕೇಳಿಕೊಂಡು ಬರುತ್ತಾರೆ.

ಈಗ ತಂದೆತಾಯಿಗಳಿಗೆ ಎರಡು ಮಾತು. ದುಡಿಯಲು ಹೋದ ಮಗ ‘ಅಪ್ಪಾ, ಮತ್ತೆ ಪರೀಕ್ಷೆ ಕಟ್ತೀನಿ’ ಎಂದಾಗ, ‘ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ?’ ಎನ್ನಬೇಡಿ. ಆ ಒಂದು ಮಾತಿಗೆ ಅಂಕಪಟ್ಟಿ ಮತ್ತೆ ಪೆಟ್ಟಿಗೆಯ ತಳ ಸೇರುತ್ತದೆ. ತಿಂಗಳಿಗೆ ಕಳಿಸುವ ಹಣದಲ್ಲಿ ಫೀಜು, ಪುಸ್ತಕಕ್ಕೆ ಒಂದಿಷ್ಟು ಕಡಿಮೆಯಾದರೆ ಸಹಿಸಿಕೊಳ್ಳಿ. ಪರೀಕ್ಷೆಯ ತಿಂಗಳಲ್ಲಿ ಕಬ್ಬಿನ ಕಟಾವಿಗೆ ಬಾ, ಮಾರಿಹಬ್ಬಕ್ಕೆ ಬಾ ಎಂದು ಕರೆಯಬೇಡಿ. ಸೊಸೆ ಕಾಲೇಜಿಗೆ ಹೋಗುತ್ತೇನೆಂದರೆ ಅವಳ ಅತ್ತೆ ಸಂಜೆಯ ಅಡಿಗೆಗೆ ಕೈ ಜೋಡಿಸಿದರೂ ಅದು ದೊಡ್ಡ ಸಹಾಯ. ಫೋನಿನಲ್ಲಿ ಮಾರ್ಕ್ಸ್ ಕೇಳುವ ಮೊದಲು ‘ಉಂಡ್ಯಾ ಮಗ?’ ಎಂದು ಕೇಳಿ.

ಮತ್ತೆ ಓದಲು ಬೆಂಗಳೂರೇ ಆಗಬೇಕೆಂದೂ ಇಲ್ಲ. ನಮ್ಮ ಮಕ್ಕಳು ಓದಿಗಾಗಿ ದೂರ ಅಲೆಯಬಾರದೆಂದು ಕೆ.ವಿ. ಶಂಕರಗೌಡರಂಥವರು ಮಂಡ್ಯದಲ್ಲೇ ವಿದ್ಯಾಸಂಸ್ಥೆ ಕಟ್ಟಿದರು; 1962ರಲ್ಲೇ ಇಲ್ಲಿಗೆ ಇಂಜಿನಿಯರಿಂಗ್ ಕಾಲೇಜು ಬಂತು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದಾಗಿ ಮದ್ದೂರಿನ ಹುಡುಗಿ ಮಂಡ್ಯದ ಕಾಲೇಜಿಗೆ ದಿನವೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲದೆ ಹೋಗಿಬರಬಹುದು. ಪಟ್ಟಣ ಒಗ್ಗದೆ ಮಗಳು ಹಿಂದಿರುಗಿ ಬಂದರೆ ಅದನ್ನು ಸೋಲೆಂದು ಬೀದಿಯಲ್ಲಿ ಹೇಳಿಕೊಂಡು ಬರಬೇಡಿ. ಹತ್ತಿರದ ಕಾಲೇಜಿನಲ್ಲಿ ಅರ್ಜಿ ಎಂದು ಕೊಡುತ್ತಾರೆ ಎಂದು ವಿಚಾರಿಸಿಕೊಂಡು ಬನ್ನಿ.

ಈ ಭಾನುವಾರ ಒಂದು ಕೆಲಸ ಮಾಡಿ. ಆ ಅಂಕಪಟ್ಟಿಯನ್ನು ಹೊರಗೆ ತೆಗೆದು, ಯಾವ ವಿಷಯ ಎಲ್ಲಿ ನಿಂತಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬರೆದು ನೋಡಿದರೆ ಉಳಿದಿರುವ ಓದು ನೀವು ಹೆದರಿದಷ್ಟು ದೊಡ್ಡದಲ್ಲವೆಂದು ನಿಮಗೇ ಗೊತ್ತಾಗುತ್ತದೆ.